ಪಡಸಾಲೆಯ ಮೇಳ

ಒಂದು ಶಬ್ದದ ವಿಚಾರದಿಂದ ಪ್ರಾರಂಭಿಸುತ್ತೇನೆ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿದವನ ಚಾಳಿ ಇದು, ಮನ್ನಿಸಬೇಕು. ಪಾಶ್ಚಾತ್ಯ ಸಂಗೀತದಲ್ಲಿ ‘ಚೇಂಬರ್ ಆರ್ಕೆಸ್ಟ್ರಾ’ ಎಂಬುದೊಂದುಂಟು. ಆರ್ಕೆಸ್ಟ್ರಾ ಎಂದರೆ ವಾದ್ಯವೃಂದ. ರೇಡಿಯೋ ಕೇಳುವ ಮನೆಗಳಿಗೆ ಅದು ಹೊಸತಲ್ಲ. 1952ರಲ್ಲಿಯೇ ಆಕಾಶವಾಣಿಯವರು ದೆಹಲಿಯಲ್ಲಿ ಪಂಡಿತ ರವಿಶಂಕರರನ್ನು ಮುಂದಿಟ್ಟುಕೊಂಡು ಒಂದು ವಾದ್ಯವೃಂದವನ್ನು ಕಟ್ಟಿದ್ದರು. ಆದರೆ ‘ಚೇಂಬರ್’ ಎಂಬುದನ್ನು ನಾವು ಏನೆನ್ನಬೇಕು? ಆ ಮಾತು ಕಿವಿಗೆ ಬಿದ್ದೊಡನೆ ನಮಗೆ ನೆನಪಾಗುವುದು ವಕೀಲರ ಕೋಣೆ, ಇಲ್ಲವೆ ವರ್ತಕರ ಮಂಡಲಿ. ನಿಘಂಟು ‘ಕೊಠಡಿ’ ಎನ್ನುತ್ತದೆ. ಕೊಠಡಿ ಎಂದರೆ ನನ್ನ ಕಣ್ಣಮುಂದೆ ಬರುವುದು ಪರೀಕ್ಷೆಯ ಕೊಠಡಿಯೇ. ನನಗೆ ತೋಚಿದ ಮಾತು ಪಡಸಾಲೆ. ಹಳೆಯ ಮನೆಗಳಲ್ಲಿ ನೆಂಟರಿಷ್ಟರು ಬಂದರೆ ಚಾಪೆ ಹಾಸಿ ಕೂರಿಸುತ್ತಿದ್ದೆವಲ್ಲ, ಆ ಜಾಗ. ಅಲ್ಲಿ ಹಾಡಿದರೆ ಕೊನೆಯ ಸಾಲಿನಲ್ಲಿ ಕುಳಿತವರಿಗೂ ಹಾಡುವವರ ಉಸಿರು ಕೇಳುತ್ತದೆ.

ಯೂರೋಪಿನ ದೊರೆಗಳೂ ಸಿರಿವಂತರೂ ತಮ್ಮ ಅರಮನೆಯ ಇಂಥ ಸಾಲೆಗಳಲ್ಲಿ ನುಡಿಸುವುದಕ್ಕೆಂದೇ ಸಣ್ಣ ಮೇಳಗಳನ್ನು ಇಟ್ಟುಕೊಂಡಿರುತ್ತಿದ್ದರು. ಹೈಡನ್ ಎಂಬ ಆಸ್ಟ್ರಿಯದ ಮಹಾ ಸಂಗೀತಗಾರನು 1761ರಲ್ಲಿ ಎಸ್ಟರ್‌ಹಾಜಿ ಎಂಬ ರಾಜಮನೆತನದ ಊಳಿಗಕ್ಕೆ ಸೇರಿ, ಸುಮಾರು ಮೂವತ್ತು ವರ್ಷ ಅಂಥದೊಂದು ಮೇಳವನ್ನು ನಡೆಸಿದನು. ಹದಿನೈದು ಇಪ್ಪತ್ತು ಮಂದಿಯ ಮೇಳ ಅದು. ಮುಂದೆ ಹತ್ತೊಂಬತ್ತನೆಯ ಶತಮಾನದಲ್ಲಿ ಸಭಾಂಗಣಗಳು ಬೆಳೆದವು, ಅವುಗಳ ಜೊತೆಗೆ ಮೇಳಗಳೂ ಬೆಳೆದವು. ಈಗಿನ ದೊಡ್ಡ ಸಿಂಫನಿ ಮೇಳದಲ್ಲಿ ಎಂಬತ್ತರಿಂದ ನೂರು ಜನ ಕೂರುತ್ತಾರೆ. ಇಪ್ಪತ್ತೈದು, ಮೂವತ್ತು, ಹೆಚ್ಚೆಂದರೆ ನಲವತ್ತು ಜನರಿಗೆ ನಿಂತ ಮೇಳವನ್ನು ಪಡಸಾಲೆಯ ಮೇಳ ಎನ್ನುತ್ತಾರೆ. ಇಂಥ ಒಂದು ಮೇಳ ತನ್ನ ವರ್ಷವನ್ನು ಹೇಗೆ ಕಳೆಯುತ್ತದೆ, ಅದಕ್ಕೆ ಯಾರು ಎಷ್ಟು ಬೆಲೆ ತೆರುತ್ತಾರೆ ಎಂಬುದೇ ನಾನು ಹೇಳಹೊರಟಿರುವ ವಿಷಯ.

ಅಮೆರಿಕ ಸಂಯುಕ್ತ ಸಂಸ್ಥಾನದ ಉತ್ತರದ ಅಂಚಿನಲ್ಲಿ ಮಿನ್ನೆಸೋಟ ಎಂಬ ರಾಜ್ಯವಿದೆ. ಅದರ ರಾಜಧಾನಿ ಸೇಂಟ್ ಪಾಲ್. ಮಿಸಿಸಿಪ್ಪಿ ನದಿ ಅದನ್ನು ಬಳಸಿಕೊಂಡು ಹರಿಯುತ್ತದೆ. ಮಗ್ಗುಲಲ್ಲೇ ಮಿನಿಯಾಪೊಲಿಸ್ ಎಂಬ ಇನ್ನೂ ದೊಡ್ಡ ನಗರ. ಇವೆರಡನ್ನೂ ಜನ ಅವಳಿ ನಗರಗಳೆಂದೇ ಕರೆಯುತ್ತಾರೆ. ಅವಳಿಗಳಲ್ಲಿ ಇರುವ ಪೈಪೋಟಿ ಇವಕ್ಕೂ ಉಂಟು. ನನ್ನ ಮಗಳ ಸಂಸಾರ ಅಲ್ಲಿರುವುದರಿಂದ ಒಂದು ಚಳಿಗಾಲವನ್ನು ನಾನು ಅಲ್ಲಿ ಕಳೆಯಬೇಕಾಯಿತು. ಚಳಿಗಾಲವೆಂದರೆ ನಾವು ಮಾರ್ಗಶಿರದಲ್ಲಿ ಹೊದೆದು ಕೂರುವ ಚಳಿಯಲ್ಲ. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಇಳಿದ ದಿನಗಳನ್ನು ನಾನು ಕಂಡೆ. ಬೀದಿಯಲ್ಲಿ ಮನುಷ್ಯರ ಸುಳಿವಿಲ್ಲ, ಕಿಟಕಿಯಾಚೆ ಬಿಳುಪು ಬಿಟ್ಟರೆ ಮತ್ತೊಂದು ಬಣ್ಣವಿಲ್ಲ. ಇಂಥ ಊರಿನಲ್ಲಿ ಸಂಜೆಯ ಹೊತ್ತು ಸಂಗೀತ ಕೇಳಲು ಹೊರಡುವವರು ಯಾರು ಎಂದು ನಾನು ಯೋಚಿಸುತ್ತಿದ್ದಾಗಲೇ ಒಂದು ದಿನ ಮಗಳು, “ಅಪ್ಪ, ಶನಿವಾರ ಆರ್ಕೆಸ್ಟ್ರಾಕ್ಕೆ ಹೋಗೋಣ. ಬಹಳ ದೂರವೇನಿಲ್ಲ, ನಮ್ಮ ಬಡಾವಣೆಯ ಚರ್ಚಿಗೇ ಬರ್ತಾರೆ” ಎಂದಳು.

ಆರ್ಕೆಸ್ಟ್ರಾ ಬಡಾವಣೆಗೆ ಬರುವುದೆ? ನನಗೆ ಅದು ವಿಚಿತ್ರವಾಗಿ ಕಂಡಿತು. ಆಮೇಲೆ ವಿಚಾರಿಸಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಕೂಡಿಸಿ ಹೇಳುತ್ತೇನೆ.

ಮಿನಿಯಾಪೊಲಿಸ್ ನಗರದಲ್ಲಿ 1903ರಷ್ಟು ಹಿಂದೆಯೇ ಒಂದು ದೊಡ್ಡ ಸಿಂಫನಿ ಮೇಳ ಹುಟ್ಟಿತ್ತು. ಅದೇ ಈಗಿನ ಮಿನ್ನೆಸೋಟ ಆರ್ಕೆಸ್ಟ್ರಾ. ಸೇಂಟ್ ಪಾಲಿನವರು ತಮ್ಮದೂ ಒಂದು ಇರಲೆಂದು 1959ರಲ್ಲಿ ಕಟ್ಟಿಕೊಂಡದ್ದು ಸೇಂಟ್ ಪಾಲ್ ಚೇಂಬರ್ ಆರ್ಕೆಸ್ಟ್ರಾ. ನೆರೆಯವರು ಆನೆ ಸಾಕಿದ್ದಾರೆಂದು ತಾವೂ ಆನೆ ಕಟ್ಟಲು ಹೋಗದೆ, ಇವರು ಒಂದು ಒಳ್ಳೆಯ ಹಸುವನ್ನು ಕಟ್ಟಿದರು ಎನ್ನಬಹುದು. ಮೊದಮೊದಲು ಇಷ್ಟಿಷ್ಟೇ ಕಛೇರಿ ಮಾಡುತ್ತಿದ್ದ ಮೇಳ, ಬರಬರುತ್ತ ವರ್ಷವಿಡೀ ಸಂಬಳ ಕೊಡುವ ಪೂರ್ಣಕಾಲದ ಸಂಸ್ಥೆಯಾಯಿತು. ಅಮೆರಿಕದಲ್ಲಿ ಇಷ್ಟು ಸಣ್ಣ ಮೇಳವೊಂದು ಆ ರೀತಿ ನಿಲ್ಲುವುದು ಅಪರೂಪ.

ಅವರ ಸಂಗೀತದ ವರ್ಷ ಪ್ರಾರಂಭವಾಗುವುದು ಸೆಪ್ಟೆಂಬರಿನಲ್ಲಿ, ಮುಗಿಯುವುದು ಜೂನಿನಲ್ಲಿ. ಇದನ್ನು ‘ಸೀಸನ್’ ಎನ್ನುತ್ತಾರೆ. ಮದರಾಸಿನ ಡಿಸೆಂಬರ್ ಸೀಸನ್ನಿನ ಮಾತು ನಮಗೆ ಗೊತ್ತಷ್ಟೆ; ಇದು ಹಾಗೆ ಒಂದು ತಿಂಗಳ ಜಾತ್ರೆಯಲ್ಲ, ಹತ್ತು ತಿಂಗಳ ಬೇಸಾಯ. ಬೇಸಗೆಯಲ್ಲಿ ಜನ ಸರೋವರಗಳ ಕಡೆ ಹೊರಟುಬಿಡುತ್ತಾರೆ, ಮೇಳ ವಿರಮಿಸುತ್ತದೆ. ಮಿಕ್ಕ ತಿಂಗಳುಗಳ ಪಟ್ಟಿಯನ್ನು ನೋಡಿದರೆ ನನಗೆ ನಮ್ಮ ಶಾಲೆಯ ವೇಳಾಪಟ್ಟಿಯೇ ನೆನಪಾಯಿತು. ಒಂದೇ ಕಾರ್ಯಕ್ರಮವನ್ನು ಒಂದೇ ವಾರದಲ್ಲಿ ಹಲವು ಜಾಗಗಳಲ್ಲಿ ನುಡಿಸುತ್ತಾರೆ. ಶುಕ್ರವಾರ ಬೆಳಗಿನ ಹನ್ನೊಂದು ಗಂಟೆಗೆ, ಕೆಲಸದಿಂದ ನಿವೃತ್ತರಾದವರಿಗೆ ಅನುಕೂಲವಾಗುವಂತೆ, ಊರಿನ ದೊಡ್ಡ ಸಭಾಂಗಣದಲ್ಲಿ; ಸಂಜೆ ಇನ್ನೊಂದು ಕಡೆ; ಭಾನುವಾರ ಮಧ್ಯಾಹ್ನ ಮತ್ತೊಂದು ಕಡೆ. ನಡುವೆ ಬಿಡುವಿಲ್ಲದೆ ಒಂದು ಗಂಟೆಯ ಸುಮಾರಿಗೆ ಮುಗಿಸಿಬಿಡುವ ಕಿರುಗಛೇರಿಗಳೂ ಉಂಟು. ಮಕ್ಕಳೊಡನೆ ಬರುವವರಿಗೆಂದು ಬೇರೆ ಕಛೇರಿ. 2012ರಲ್ಲಿ ‘ಲಿಕ್ವಿಡ್ ಮ್ಯೂಸಿಕ್’ ಎಂಬ ಹೆಸರಿನಲ್ಲಿ ಹೊಚ್ಚಹೊಸ ಸಂಗೀತಕ್ಕಾಗಿಯೇ ಒಂದು ಮಾಲೆ ತೆಗೆದರು. ಅದು ಕಲಾ ಸಂಗ್ರಹಾಲಯದಲ್ಲಿಯೂ ನಡೆಯಿತು, ಬಾರಿನಲ್ಲಿಯೂ ನಡೆಯಿತು. ಕೆಲವು ವರ್ಷಗಳ ತರುವಾಯ ಆ ಮಾಲೆ ತಾಯಿಸಂಸ್ಥೆಯಿಂದ ಬೇರೆಯಾಗಿ ಹೋಯಿತು. ಬಾರಿನಲ್ಲಿ ಪಿಟೀಲು ಎಂದರೆ ನಮ್ಮವರು ಹುಬ್ಬೇರಿಸಬಹುದು. ನಾನೂ ಏರಿಸಿದೆ. ಆದರೆ ಅಲ್ಲಿಗೆ ಬಂದ ಹುಡುಗರು ಚರ್ಚಿಗೆ ಬರುವವರಲ್ಲವಂತೆ.

ಈಗ ಚರ್ಚಿನ ಮಾತು. ನೂರು ಜನರ ಸಿಂಫನಿ ಮೇಳವನ್ನು ಅದಕ್ಕೆಂದೇ ಕಟ್ಟಿದ ಸಭಾಂಗಣ ಬಿಟ್ಟು ಕದಲಿಸುವುದು ಸುಲಭವಲ್ಲ. ಕೂರಿಸಲು ವೇದಿಕೆ ಸಾಲದು, ಸಾಗಿಸಲು ಲಾರಿಗಳು ಬೇಕು, ಶಬ್ದ ಸಣ್ಣ ಕಟ್ಟಡವನ್ನು ಒಡೆಯುವ ಹಾಗೆ ತುಂಬುತ್ತದೆ. ಇಪ್ಪತ್ತೈದು ಮೂವತ್ತು ಜನರಾದರೆ ಚರ್ಚಿನ ಪೂಜಾಪೀಠದ ಮುಂದಣ ಜಾಗದಲ್ಲಿ ಹಿಡಿಸುತ್ತಾರೆ. ಹೀಗೆ ಈ ಮೇಳದವರು ಊರಿನ ನಡುವಣ ಸಭಾಂಗಣವೊಂದನ್ನೇ ನಂಬದೆ ಸುತ್ತಣ ಬಡಾವಣೆ, ಉಪನಗರಗಳಿಗೆ ತಾವೇ ಹೋಗುವ ಪದ್ಧತಿಯನ್ನಿಟ್ಟುಕೊಂಡರು. ಈಡನ್ ಪ್ರೇರಿ ಎಂಬಲ್ಲಿಯ ವುಡ್‌ಡೇಲ್ ಚರ್ಚು, ಸೇಂಟ್ ಕ್ರಾಯ್ ನದಿಯ ದಡದ ಸ್ಟಿಲ್‌ವಾಟರಿನ ಲೂಥರನ್ ಚರ್ಚು, ಸೇಂಟ್ ಪಾಲಿನಲ್ಲಿಯೇ ಸಮಿಟ್ ಬೀದಿಯ ಚರ್ಚು, ಮಿನಿಯಾಪೊಲಿಸ್ಸಿನ ಯೆಹೂದ್ಯರ ಮಂದಿರವಾದ ಟೆಂಪಲ್ ಇಸ್ರೇಲ್, ವಿಶ್ವವಿದ್ಯಾನಿಲಯದ ಸಂಗೀತಶಾಲೆ, ಇವೆಲ್ಲ ಅವರ ಜಾಗಗಳಾಗಿವೆ. ಬೇರೆ ಬೇರೆ ಮತದ ಮಂದಿರಗಳಲ್ಲಿ ಒಂದೇ ವಾರದೊಳಗೆ ಒಂದೇ ಮೊಜಾರ್ಟನ ಕೃತಿ ನುಡಿಯುವುದು ಸಣ್ಣ ಸಂಗತಿಯಲ್ಲ.

ನಾವು ಹೋದುದು ಉಪನಗರದ ಒಂದು ಸಾಧಾರಣ ಚರ್ಚಿಗೆ. ಬಾಗಿಲಲ್ಲಿ ನೂರಾರು ದಪ್ಪ ಕೋಟುಗಳು ನೇತಾಡುತ್ತಿದ್ದವು, ಕೆಳಗೆ ಹಿಮ ಕರಗಿ ನೀರು. ಮರದ ಉದ್ದ ಬೆಂಚುಗಳು. ಒಂದು ಗಂಟೆ ಕೂತರೆ ಬೆನ್ನಿಗೆ ತಿಳಿಯುತ್ತದೆ. ಮೊದಲ ಸಾಲಿಗೂ ಪಿಟೀಲಿನವರಿಗೂ ನಡುವೆ ನಾಲ್ಕು ಮಾರಿನ ಅಂತರವಿದ್ದೀತು. ಮೈಕು ಇರಲಿಲ್ಲ. ಇದನ್ನು ಒತ್ತಿ ಹೇಳಬೇಕು. ಏಕೆಂದರೆ ನಮ್ಮ ಕಛೇರಿಯೂ ಮೂಲತಃ ಪಡಸಾಲೆಯ ಸಂಗೀತವೇ. ಒಬ್ಬರು ಹಾಡುವವರು, ಪಿಟೀಲು, ಮೃದಂಗ, ತಂಬೂರಿ, ಹೆಚ್ಚೆಂದರೆ ಒಂದು ಘಟ. ಈಗ ಮದುವೆಯ ಮನೆಯ ನಾಲ್ಕು ಗೋಡೆಗಳ ನಡುವೆಯೂ ಅದು ಧ್ವನಿವರ್ಧಕದ ಮೂಲಕ ಕಿವಿಗೆ ರಾಚುವುದನ್ನು ಕೇಳಿ ಕೇಳಿ ನನ್ನ ಕಿವಿ ಮಂದವಾಗಿತ್ತು. ಅಲ್ಲಿ ಬರಿಯ ಮರ, ತಂತಿ, ಉಸಿರು. ಓಬೋ ಎಂಬ ವಾದ್ಯವುಂಟು, ನಮ್ಮ ನಾಗಸ್ವರದ ಹಾಗೆ ಜೋಡಿ ಓಲೆಯದು, ದನಿ ಮಾತ್ರ ಸಣ್ಣ. ಅದು ಒಂದು ಸ್ವರ ಹಿಡಿದು ಕೊಟ್ಟಿತು; ಮಿಕ್ಕವರೆಲ್ಲರೂ ಅದಕ್ಕೆ ಶ್ರುತಿ ಸೇರಿಸಿಕೊಂಡರು. ಆಮೇಲೆ ನಿಶ್ಶಬ್ದ.

ಕೋಲು ಹಿಡಿದು ನಿಲ್ಲುವ ನಾಯಕ ಯಾವಾಗ ಬರುತ್ತಾನೆಂದು ನಾನು ಕಾದೆ. ಯಾರೂ ಬರಲಿಲ್ಲ. ಮೊದಲ ಪಿಟೀಲಿನಾಕೆ ಒಮ್ಮೆ ತಲೆ ಎತ್ತಿ, ಉಸಿರು ಎಳೆದುಕೊಂಡು, ಕಮಾನು ಇಳಿಸಿದಳು. ಇಪ್ಪತ್ತೈದು ಜನ ಒಟ್ಟಿಗೆ ನುಡಿದರು. ಆಮೇಲಿನದೆಲ್ಲ ಕಣ್ಣಿನ ಮಾತು. ಚೆಲ್ಲೋದವನು ಪಿಟೀಲಿನಾಕೆಯನ್ನು ನೋಡುತ್ತಾನೆ, ಕೊಂಬಿನವನು ಬಸೂನಿನವನನ್ನು. ನಮ್ಮ ಮೃದಂಗದವರು ಪಲ್ಲವಿಯ ಎಡುಪಿಗೆ ಹಾಡುವವರ ಮುಖ ನೋಡುವ ಹಾಗೆಯೇ. ಈ ಮೇಳ ಹಲವು ಸಲ ಹೀಗೆ ನಾಯಕನಿಲ್ಲದೆ ನುಡಿಸುತ್ತದೆಂದು ಅಳಿಯಂದಿರು ಹೇಳಿದರು.

ಅದಕ್ಕೂ ಒಂದು ಕಥೆಯಿದೆ. ಮೊದಲೆಲ್ಲ ಇವರಿಗೂ ಒಬ್ಬ ಸಂಗೀತ ನಿರ್ದೇಶಕನಿರುತ್ತಿದ್ದ. 1972ರಿಂದ 1980ರವರೆಗೆ ಇದ್ದ ಡೆನ್ನಿಸ್ ರಸೆಲ್ ಡೇವೀಸ್ ಹೊಸ ಸಂಗೀತದ ಮೋಹಿ. ಅವನ ಕಾಲದಲ್ಲಿ ಅಮೆರಿಕದ ಏರನ್ ಕಾಪ್ಲೆಂಡನ ‘ಅಪಲೇಷಿಯನ್ ಸ್ಪ್ರಿಂಗ್’ ಎಂಬ ಕೃತಿಯನ್ನು ಮಿನಿಯಾಪೊಲಿಸ್ಸಿನ ಒಂದು ಸ್ಟುಡಿಯೋದಲ್ಲಿ, ಆಗತಾನೆ ಕಣ್ಣುಬಿಡುತ್ತಿದ್ದ ಡಿಜಿಟಲ್ ರೀತಿಯಲ್ಲಿ ಮುದ್ರಿಸಿದರು. ಆ ಕೃತಿ 1944ರಲ್ಲಿ ಹದಿಮೂರು ವಾದ್ಯಗಳಿಗೆಂದೇ ಹುಟ್ಟಿದ್ದು, ಮಾರ್ಥಾ ಗ್ರಹಾಮ್ ಎಂಬ ನರ್ತಕಿಯ ನೃತ್ಯಕ್ಕಾಗಿ. ಆ ಮುದ್ರಿಕೆಗೆ 1980ರಲ್ಲಿ ಗ್ರ್ಯಾಮಿ ಬಹುಮಾನ ಬಂದಿತು. ಅವನ ತರುವಾಯ ಪಿಂಕಾಸ್ ಜುಕರ್‌ಮನ್ ಎಂಬ ಹೆಸರಾಂತ ಪಿಟೀಲುವಾದಕ. 1994ರಲ್ಲಿ ಬಾಬಿ ಮಕ್‌ಫೆರಿನ್ ಎಂಬ ಗಾಯಕನನ್ನೂ ಕರೆತಂದು ಒಂದು ಪೀಠವನ್ನಿತ್ತರು. ಗಂಟಲಿನಿಂದಲೇ ಹತ್ತು ವಾದ್ಯಗಳನ್ನು ನುಡಿಸಿಬಿಡುವ ಮನುಷ್ಯ ಆತ. 2004ರಿಂದೀಚೆಗೆ ಮಾತ್ರ ಒಬ್ಬನೇ ಯಜಮಾನ ಎಂಬ ಪದ್ಧತಿಯನ್ನು ಕೈಬಿಟ್ಟು, ಹಲವು ಕಲಾವಿದರನ್ನು ‘ಪಾಲುದಾರ’ರೆಂದು ಕರೆದು, ಒಬ್ಬೊಬ್ಬರು ವರ್ಷಕ್ಕೆ ಕೆಲವು ವಾರ ಬಂದು ತಮ್ಮ ರುಚಿಯ ಸಂಗೀತವನ್ನು ನಡೆಸಿಕೊಡುವಂತೆ ಏರ್ಪಡಿಸಿದರು. ಯಾವ ಕೃತಿ, ಯಾವ ಅತಿಥಿ ಎಂಬ ನಿರ್ಧಾರದಲ್ಲಿ ವಾದಕರ ಮಾತಿಗೂ ಎಡೆಯಿತ್ತರು. ಹಾಗೆ ಬಂದವರಲ್ಲಿ ಮಾಲ್ಡೋವ ದೇಶದ ಪಟ್ರೀಷಿಯಾ ಕೊಪಾಚಿನ್‌ಸ್ಕಾಯ ಎಂಬಾಕೆ ಒಬ್ಬಳು. ಅವಳು ವೇದಿಕೆಯ ಮೇಲೆ ಬರಿಗಾಲಿನಲ್ಲಿ ನುಡಿಸುತ್ತಾಳೆಂದು ಆ ದೇಶದ ಪತ್ರಿಕೆಗಳೆಲ್ಲ ಸೋಜಿಗಪಟ್ಟು ಬರೆದವು. ಚೌಡಯ್ಯನವರು ಚಪ್ಪಲಿ ಮೆಟ್ಟಿ ನುಡಿಸಿದ್ದನ್ನು ಯಾರಾದರೂ ಕಂಡಿದ್ದರೆ ಅಲ್ಲವೆ ನಮಗೆ ಸೋಜಿಗ! ಅವಳೂ ಈ ಮೇಳವೂ ಕೂಡಿ ಮುದ್ರಿಸಿದ ಶೂಬರ್ಟನ ‘ಡೆತ್ ಅಂಡ್ ದ ಮೇಡನ್’ಗೆ 2018ರಲ್ಲಿ ಮತ್ತೊಂದು ಗ್ರ್ಯಾಮಿ ಬಂದಿತು.

ಇದೆಲ್ಲ ಕೀರ್ತಿಯ ಮಾತು. ನನ್ನ ಮನಸ್ಸಿನಲ್ಲಿ ಹೆಚ್ಚು ನಿಂತದ್ದು ಟಿಕೀಟಿನ ಮಾತು.

ಪಾಶ್ಚಾತ್ಯ ಸಂಗೀತದ ಒಳ್ಳೆಯ ಕಛೇರಿಯ ಟಿಕೀಟು ಅಲ್ಲಿ ಸಾಮಾನ್ಯ ಸಂಸಾರಸ್ಥನಿಗೆ ನಿಲುಕುವುದಲ್ಲ. ಈ ಮೇಳದವರು 2005ರ ಸುಮಾರಿಗೆ ಬೆಲೆಯನ್ನು ತೀರ ತಗ್ಗಿಸಿದರು, ಬಡಾವಣೆಯ ಕಛೇರಿಗಳಲ್ಲಂತೂ ಇನ್ನೂ ಹೆಚ್ಚಾಗಿ. 2012ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತಿಂಗಳಿಗೆ 5 ಡಾಲರು ಕೊಟ್ಟು ಸದಸ್ಯರಾದವರು ಜಾಗವಿರುವ ಕಛೇರಿಗಳಿಗೆಲ್ಲ ಬರಬಹುದೆಂದರು. ಆ ದೇಶದಲ್ಲಿ ಅದು ಒಂದೆರಡು ಲೋಟ ಕಾಫಿಯ ಬೆಲೆ. ಮುಂದೆ ಮಕ್ಕಳಿಗೂ ವಿದ್ಯಾರ್ಥಿಗಳಿಗೂ ಟಿಕೀಟನ್ನೇ ಎತ್ತಿಹಾಕಿದರು. ನನ್ನ ಮೊಮ್ಮಗನಿಗೆ ಆ ದಿನ ಒಂದು ಕಾಸೂ ಕೊಡಲಿಲ್ಲ; ಆದರೂ ಅವನ ಹೆಸರಿನಲ್ಲಿ ಒಂದು ಚೀಟಿ ಕೊಟ್ಟರು. ಅದನ್ನು ಅವನು ಮುಷ್ಟಿಯಲ್ಲಿ ಹಿಡಿದುಕೊಂಡೇ ಕುಳಿತಿದ್ದ.

ಮಕ್ಕಳ ವಿಷಯದಲ್ಲಿ ಇವರ ಶ್ರದ್ಧೆ ಹಳೆಯದು. ಎರಡೂ ನಗರಗಳ ಪ್ರಾಥಮಿಕ ಶಾಲೆಗಳ ಜೊತೆಗೆ ಒಂದು ಏರ್ಪಾಡು ನಡೆಸಿಕೊಂಡು ಬಂದರು. ಅದರ ಕ್ರಮ ಅಧ್ಯಾಪಕನಾದ ನನಗೆ ಮೆಚ್ಚಿಕೆಯಾಯಿತು. ಮಕ್ಕಳನ್ನು ಒಂದು ದಿನ ಬಸ್ಸಿನಲ್ಲಿ ತುಂಬಿಕೊಂಡು ಹೋಗಿ, ಸಭಾಂಗಣದಲ್ಲಿ ಕೂರಿಸಿ, ‘ಗಲಾಟೆ ಮಾಡಬೇಡಿ’ ಎಂದು ಗದರಿಸಿ ವಾಪಸು ತರುವುದಲ್ಲ ಅದು. ಮೊದಲು ಅಧ್ಯಾಪಕರಿಗೆ ತರಬೇತು. ಆಮೇಲೆ ತರಗತಿಯಲ್ಲಿ ಆ ಕೃತಿಗಳನ್ನು ಕೇಳಿಸಿ ಪಾಠ. ವಾದಕರು ತಾವೇ ಶಾಲೆಗೆ ಬರುವುದು. ಎಲ್ಲ ಆದ ಮೇಲೆ ಕಛೇರಿ. ತಾನು ಗುರುತು ಹಿಡಿಯಬಲ್ಲ ರಾಗ ಬಂದಾಗ ಮಗುವಿನ ಮುಖ ಅರಳುವುದನ್ನು ಯಾವ ಅಧ್ಯಾಪಕನೂ ಬಲ್ಲ. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಸಂಗೀತದ ಅಧ್ಯಾಪಕರ ಹುದ್ದೆ ಒಂಬತ್ತು ವರ್ಷ ಖಾಲಿ ಇದ್ದಿತು. ಅಲ್ಲಿದ್ದ ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಹಾಜರಿ ಪುಸ್ತಕಗಳನ್ನು ಜೋಡಿಸಿಡುತ್ತಿದ್ದೆವು.

ಹೀಗೆ ಹೊಗಳುತ್ತಲೇ ಹೋಗಿ ಮಾತು ಮುಗಿಸಿದರೆ ನಾನು ಅರ್ಧ ಸತ್ಯ ಹೇಳಿದಂತಾಗುತ್ತದೆ. ಕಛೇರಿಯ ನಡುವೆ ಬಿಡುವು ಬಂದಾಗ ಪಕ್ಕದ ಬೆಂಚಿನ ವೃದ್ಧೆಯೊಬ್ಬರು ನನ್ನ ಪಂಚೆಯನ್ನು ನೋಡಿ ಕುತೂಹಲದಿಂದ ಮಾತಿಗೆ ಬಂದರು. ಚಳಿಗೆ ಒಳಗಡೆ ಉಣ್ಣೆಯ ಷರಾಯಿ ತೊಟ್ಟು ಮೇಲೆ ಪಂಚೆ ಉಟ್ಟಿದ್ದೆ. ಮಗಳು ಎಷ್ಟು ಹೇಳಿದರೂ ಬಿಟ್ಟಿರಲಿಲ್ಲ. ಟಿಕೀಟು ಎಷ್ಟು ಅಗ್ಗ ಎಂದು ನಾನು ಮೆಚ್ಚಿಕೊಂಡೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಒಂದು ಚಳಿಗಾಲ ಇಲ್ಲಿ ಸಂಗೀತವೇ ಇರಲಿಲ್ಲ, ನಿಮಗೆ ಗೊತ್ತೆ, ಎಂದು ಕೇಳಿದರು.

ಅದು 2012ರ ಅಕ್ಟೋಬರಿನ ಮಾತು. ಹುಟ್ಟುವಳಿಗೂ ಖರ್ಚಿಗೂ ತಾಳೆಯಾಗುತ್ತಿಲ್ಲ, ಸಂಬಳ ಇಳಿಸಬೇಕು, ಮೇಳವನ್ನು ಇನ್ನೂ ಸಣ್ಣದು ಮಾಡಬೇಕು ಎಂದು ಆಡಳಿತ ಮಂಡಲಿಯವರು ಹೇಳಿದರು. ವಾದಕರು ಒಪ್ಪಲಿಲ್ಲ. ಒಪ್ಪಂದದ ಅವಧಿ ಮುಗಿದ ಮೇಲೆ ಮಂಡಲಿಯವರು ಬಾಗಿಲಿಗೆ ಬೀಗ ಹಾಕಿದರು. ಗಿರಣಿಗಳಲ್ಲಿ ಬೀಗಮುದ್ರೆ ಎನ್ನುತ್ತಾರಲ್ಲ, ಅದೇ. ಸುಮಾರು ಆರು ತಿಂಗಳು ಕಛೇರಿಗಳು ರದ್ದಾದವು. ವಾದಕರು ತಾವೇ ಕೂಡಿಕೊಂಡು ಅಲ್ಲಲ್ಲಿ ಕೆಲವು ಕಛೇರಿ ಮಾಡಿದರು. ವಿಪರೀತವೆಂದರೆ ಅದೇ ತಿಂಗಳಿನಲ್ಲಿ ಮಿನಿಯಾಪೊಲಿಸ್ಸಿನ ದೊಡ್ಡ ಮೇಳಕ್ಕೂ ಬೀಗ ಬಿದ್ದಿತ್ತು. ಅದು ತೆರೆದದ್ದು 2014ರಲ್ಲಿ. ಅವಳಿ ನಗರಗಳು ಇದರಲ್ಲಿಯೂ ಅವಳಿಗಳೇ ಆದವು.

ಸೇಂಟ್ ಪಾಲಿನಲ್ಲಿ 2013ರ ಏಪ್ರಿಲ್ ಕೊನೆಗೆ ರಾಜಿಯಾಯಿತು. ವಾದಕರ ಸಂಖ್ಯೆ 34ರಿಂದ 28ಕ್ಕೆ ಇಳಿಯಿತು. ವರ್ಷಕ್ಕೆ 73 ಸಾವಿರ ಡಾಲರಿಗೂ ಮೇಲಿದ್ದ ಕನಿಷ್ಠ ಸಂಬಳ 60 ಸಾವಿರಕ್ಕೆ ಬಂದಿತು. 55 ವರ್ಷ ದಾಟಿದವರು ಇಷ್ಟಪಟ್ಟರೆ ಇಡಿಗಂಟು ತೆಗೆದುಕೊಂಡು ನಿವೃತ್ತರಾಗಬಹುದು ಎಂಬ ಅವಕಾಶವಿತ್ತರು. ಹಲವು ಹಳಬರು ಹೊರಟುಹೋದರು. ನೂರು ಜನರಲ್ಲಿ ಆರು ಜನ ಹೋದರೆ ಕಿವಿಗೆ ತಿಳಿಯದೆ ಇದ್ದೀತು. ಮೂವತ್ತನಾಲ್ಕರಲ್ಲಿ ಆರು ಹೋದರೆ ತಿಳಿಯುತ್ತದೆ. ಸಣ್ಣದಾಗಿರುವುದೇ ಈ ಮೇಳದ ಬಲವೆಂದು ಇಷ್ಟು ಹೊತ್ತು ಹೇಳಿದೆನಷ್ಟೆ. ಅದೇ ಅದರ ನೋವೂ ಆಯಿತು. ಇಪ್ಪತ್ತೈದು ವರ್ಷ ಒಂದೇ ಕುರ್ಚಿಯಲ್ಲಿ ಕುಳಿತು, ಪಕ್ಕದವರ ಉಸಿರಿನ ಲಯವನ್ನು ಕಲಿತವನ ಜಾಗವನ್ನು ಇಡಿಗಂಟು ತುಂಬುವುದೆ? ನನ್ನ ವಯಸ್ಸೂ ಅದೇ ಆಸುಪಾಸಿನದಾದುದರಿಂದ ಆ ಐವತ್ತೈದು ಎಂಬ ಅಂಕಿ ನನ್ನನ್ನು ಬಿಡಲಿಲ್ಲ.

ಅಗ್ಗದ ಟಿಕೀಟೇ ಈ ಕಷ್ಟಕ್ಕೆ ಕಾರಣವೆಂದು ನಾನು ಹೇಳುತ್ತಿಲ್ಲ. ಇಂಥ ಮೇಳಗಳಲ್ಲಿ ಟಿಕೀಟು ದುಬಾರಿಯಾದರೂ ಅದರ ಹಣ ಖರ್ಚಿನ ಒಂದು ಪಾಲಿಗೆ ಮಾತ್ರ ಸಾಕಾಗುತ್ತದೆ. ಮಿಕ್ಕದ್ದೆಲ್ಲ ದಾನ, ದತ್ತಿ. ಹೇಗೂ ದಾನವನ್ನೇ ನಂಬಬೇಕೆಂದ ಮೇಲೆ ಬಾಗಿಲಲ್ಲಿ ಜನರನ್ನು ತಡೆಯುವುದೇಕೆ ಎಂಬುದು ಬೆಲೆ ಇಳಿಸಿದವರ ವಾದ. ಅದು ನನಗೆ ಒಪ್ಪಿಗೆ. ಬೆಲೆ ಇಳಿದರೆ ಸಂಗೀತದ ಮಾನವೂ ಇಳಿಯುತ್ತದೆಂಬ ಮಾತು ನನಗೆ ಸುತರಾಂ ಒಪ್ಪಿಗೆಯಿಲ್ಲ. ಬೆಂಗಳೂರಿನಲ್ಲಿ ಓದುತ್ತಿದ್ದಾಗ ರಾಮನವಮಿಯ ಕಾಲದಲ್ಲಿ ಕೋಟೆ ಹೈಸ್ಕೂಲಿನ ಚಪ್ಪರದ ಹೊರಗೆ ನಿಂತು ನಾನು ಕೇಳಿದ ಕಛೇರಿಗಳಿಗೆ ನಾನು ಕಾಸು ಕೊಟ್ಟವನಲ್ಲ. ಆ ಹಾಡುಗಾರಿಕೆ ಅದರಿಂದ ಕಡಮೆಯದಾಗಲಿಲ್ಲ. ಆದರೆ ಆಗ ನಾನು, ಚಪ್ಪರ ಹಾಕಿಸಿದವರು ಯಾರು, ಪಕ್ಕವಾದ್ಯದವರಿಗೆ ಎಷ್ಟು ಸಂಭಾವನೆ ಸಂದಿತು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಆ ಚರ್ಚಿನ ಬೆಂಚಿನ ಮೇಲೆ, ಐವತ್ತು ದಾಟಿದ ಮೇಲೆ, ಮೊದಲ ಸಲ ಕೇಳಿಕೊಂಡೆ. ಆ ವೃದ್ಧೆ ತಿಂಗಳ ಚಂದಾ ಕೊಡುವುದಲ್ಲದೆ ವರ್ಷಕ್ಕೊಮ್ಮೆ ಕೈಲಾದಷ್ಟು ಕಾಣಿಕೆಯನ್ನೂ ಕಳುಹಿಸುತ್ತಾರಂತೆ. ‘ಹೊರಟುಹೋದವರಲ್ಲಿ ಒಬ್ಬರು ನನ್ನ ಮಗನಿಗೆ ಪಿಟೀಲು ಹೇಳಿಕೊಟ್ಟಿದ್ದರು’ ಎಂದರು.

ಬೀಗ ತೆರೆದ ಮೇಲೆ ಮೇಳ ಮತ್ತೆ ಎದ್ದು ನಿಂತಿತು. 1985ರಲ್ಲಿ ಕಟ್ಟಿದ ಆರ್ಡ್‌ವೇ ಎಂಬ ದೊಡ್ಡ ರಂಗಮಂದಿರದ ಮಗ್ಗುಲಿಗೆ 2015ರಲ್ಲಿ ಸುಮಾರು 1,100 ಆಸನಗಳ ಹೊಸ ಸಭಾಂಗಣವೊಂದು ತೆರೆಯಿತು. ಅದು ಈ ಮೇಳದ ಅಳತೆಗೆ ಸರಿಯಾದದ್ದು. ಹಾಗೆಂದು ಬಡಾವಣೆಗಳಿಗೆ ಹೋಗುವುದನ್ನು ಬಿಡಲಿಲ್ಲ. 2020ರಲ್ಲಿ ಕೊರೋನಾ ಬಂದಾಗ ಮತ್ತೆ ಎಲ್ಲ ಬಾಗಿಲುಗಳೂ ಮುಚ್ಚಿದವು. ಈ ಸಲ ಯಾರ ಜಗಳವೂ ಇಲ್ಲದೆ. ತಮ್ಮ ಕಛೇರಿಗಳ ಮುದ್ರಿಕೆಗಳನ್ನು ಅಂತರ್ಜಾಲದ ಮೂಲಕ ಯಾರು ಬೇಕಾದರೂ ಬಿಟ್ಟಿಯಾಗಿ ಕೇಳಬಹುದಾದ ಒಂದು ಭಂಡಾರವನ್ನು ಅವರು ಅದಕ್ಕೂ ಮೊದಲೇ ಮಾಡಿಟ್ಟಿದ್ದರು. ಊರಿಗೆ ಬಂದ ಮೇಲೆ ನಾನು ಕೇಳುವುದು ಅದನ್ನೇ, ರಾತ್ರಿ ಊಟವಾದ ಮೇಲೆ.

ಆ ಸಂಜೆ ಕಡೆಯಲ್ಲಿ ನುಡಿಸಿದ್ದು ಹೈಡನ್ನನ 45ನೆಯ ಸಿಂಫನಿ. ಅದನ್ನು ‘ವಿದಾಯದ ಸಿಂಫನಿ’ ಎನ್ನುತ್ತಾರೆ. ಅದರ ಹಿನ್ನೆಲೆ ನೀವು ತಿಳಿಯಬೇಕಾದದ್ದು. 1772ರಲ್ಲಿ ಎಸ್ಟರ್‌ಹಾಜಿಯ ದೊರೆ ನಿಕೊಲಾಸನು ತನ್ನ ಬೇಸಗೆಯ ಅರಮನೆಯಲ್ಲಿ ಬೇಸಗೆ ಕಳೆದರೂ ಕದಲಲಿಲ್ಲ. ವಾದಕರ ಹೆಂಡಿರು ಮಕ್ಕಳು ದೂರದ ಐಸೆನ್‌ಸ್ಟಾಟ್ ಊರಿನಲ್ಲಿ. ದೊರೆಗೆ ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗೂ ಇಲ್ಲ. ಆಗ ಹೈಡನ್ ಒಂದು ಉಪಾಯ ಮಾಡಿದ. ಸಿಂಫನಿಯ ಕೊನೆಯಲ್ಲಿ ಒಂದು ನಿಧಾನವಾದ ಭಾಗವನ್ನು ಸೇರಿಸಿ, ಅದರಲ್ಲಿ ಒಬ್ಬೊಬ್ಬ ವಾದಕನೂ ತನ್ನ ಪಾಲು ಮುಗಿಸಿ, ಎದುರಿನ ಮೇಣದ ಬತ್ತಿಯನ್ನು ಆರಿಸಿ, ಎದ್ದು ಹೊರಟುಹೋಗುವಂತೆ ರಚಿಸಿದ. ದೊರೆಗೆ ಅರ್ಥವಾಯಿತಂತೆ, ಎಲ್ಲರನ್ನೂ ಊರಿಗೆ ಕಳುಹಿಸಿದನಂತೆ.

ಚರ್ಚಿನಲ್ಲಿ ಬತ್ತಿಗಳಿರಲಿಲ್ಲ. ಆದರೂ ಎದ್ದು ಹೋಗುವುದನ್ನು ಹಾಗೆಯೇ ನಡೆಸಿದರು. ಮೊದಲು ಜನ ನಕ್ಕರು. ಮೂರನೆಯವನು ಎದ್ದಾಗಲೂ ನಕ್ಕರು. ಆಮೇಲೆ ನಗು ನಿಂತಿತು. ಪಕ್ಕದ ವೃದ್ಧೆ ಕೈಕಟ್ಟಿಕೊಂಡು ನೇರವಾಗಿ ನೋಡುತ್ತಿದ್ದರು. ಮೊಮ್ಮಗ ನನ್ನ ಕಿವಿಗೆ ಬಾಯಿ ಹಚ್ಚಿ, “ತಾತ, ಅವರೆಲ್ಲ ಎಲ್ಲಿಗೆ ಹೋಗ್ತಿದಾರೆ?” ಎಂದ. “ಮನೆಗೆ, ಮಗು” ಎಂದೆ.

ಈ ಸಿಂಫನಿಯ ಮುದ್ರಿಕೆಗಳು ಎಲ್ಲ ಕಡೆಯೂ ಸಿಗುತ್ತವೆ. ನೀವೂ ಒಮ್ಮೆ ಕೇಳಿರಿ. ರೇಡಿಯೋದಲ್ಲಿ ಎದ್ದು ಹೋಗುವವರು ಕಣ್ಣಿಗೆ ಕಾಣರು. ಆದರೆ ಕಿವಿ ಲೆಕ್ಕವಿಡಬಲ್ಲುದು. ಕೊನೆಯ ನಿಧಾನದ ಭಾಗ ಬಂದಾಗ ಗಮನವಿಡಿ. ಮೊದಲು ಒಂದು ಓಬೋ ಮತ್ತು ಒಂದು ಕೊಂಬು ತಮ್ಮ ಮಾತು ಮುಗಿಸಿ ಹೋಗುತ್ತವೆ. ಬಸೂನ್ ಹೋಗುತ್ತದೆ. ಇನ್ನೊಂದು ಓಬೋ, ಇನ್ನೊಂದು ಕೊಂಬು. ಆಮೇಲೆ ಎಲ್ಲಕ್ಕಿಂತ ಕೆಳದನಿಯ ಡಬಲ್ ಬಾಸ್, ಅದು ಹೋದಾಗ ನೆಲವೇ ಸರಿದಂತಾಗುತ್ತದೆ. ಚೆಲ್ಲೋಗಳು, ಪಿಟೀಲುಗಳ ಸಾಲು, ವಯೋಲ. ಉಳಿಯುವುದು ಎರಡೇ ಪಿಟೀಲು, ತಂತಿಗೆ ಬಿಗಿ ಹಾಕಿ ದನಿ ತಗ್ಗಿಸಿಕೊಂಡವು. ಅವು ಯಾವಾಗ ನಿಂತವೆಂದು ತಿಳಿಯಲು ರೇಡಿಯೋದ ಹತ್ತಿರಕ್ಕೆ ಸ್ವಲ್ಪ ಸರಿದು ಕೂರಬೇಕಾದೀತು.